ಎರಡು ದಂಡುಗಳ ಮಸಿಬಟ್ಟೆ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿರುವ ಮಸಿಬಟ್ಟೆಯನ್ನು ನೀವು ಒಮ್ಮೆ ಬಂದು ನೋಡಬೇಕು. ಕಾದ ಪಾತ್ರೆ ಇಳಿಸುವ ಆ ಬಡಪಾಯಿ ಸಾಮಾನ್ಯವಾಗಿ ಹಳೆಯ ಪಂಚೆಯ ಚೂರೋ ಸವೆದ ಸೀರೆಯ ಸೆರಗೋ ಆಗಿರುತ್ತದೆ. ಅದರ ವಂಶಾವಳಿಯನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮದನ್ನು ಮಾತ್ರ ವಿಚಾರಿಸಲೇಬೇಕು. ಅದರ ಒಂದು ಮಗ್ಗುಲು ಇಂಗ್ಲಿಷ್ ಕರ್ನಲನೊಬ್ಬನ ಖಾಕಿ ಅಂಗಿ, ಇನ್ನೊಂದು ಮಗ್ಗುಲು ಅಮೆರಿಕದ ಕರ್ನಲನೊಬ್ಬನ ಖಾಕಿ ಅಂಗಿ. ಅಮೆರಿಕದ ಮಗ್ಗುಲಿನಲ್ಲಿ ಗುಂಡಿಸಮೇತ ಜೇಬು ಹಾಗೆಯೇ ಉಳಿದಿದ್ದು, ನನ್ನ ಹೆಂಡತಿ ಅದರೊಳಗೆ ಏಲಕ್ಕಿಯನ್ನು ನನ್ನಿಂದ ಬಚ್ಚಿಡುತ್ತಾಳೆ. ಎರಡು ಮಗ್ಗುಲಿಗೂ ಹರಡಿದ ಕೆಂಪು ಕಲೆಯೊಂದಿದೆ. ಅವಳು ಅದನ್ನು ಹೇಗೆ ಬೇಕೋ ಹಾಗೆ ಎಳೆದುಕೊಂಡು ಸಾರಿನ ಪಾತ್ರೆ ಇಳಿಸಿಬಿಡುತ್ತಾಳೆ. ನನಗೆ ಅಷ್ಟು ಸಲೀಸಲ್ಲ. ಯಾವ ದೇಶವನ್ನು ಬಿಸಿಗೆ ಹಿಡಿಯಬೇಕು, ಯಾವ ದೇಶವನ್ನು ಕೈಗೆ ಹಿಡಿಯಬೇಕು ಎಂದು ಯೋಚಿಸಿ, ನಿನ್ನೆ ಒಂದಾದರೆ ಇಂದು ಇನ್ನೊಂದು ಎಂದು ಸರದಿ ನೋಡಿ ಇಳಿಸುತ್ತೇನೆ. ಅಷ್ಟರಲ್ಲಿ ಸಾರು ತಳ ಹಿಡಿದಿರುವುದೂ ಉಂಟು.

ಈ ಗೀಳು ನನಗೆ ಅಂಟಿದ್ದು ಯುದ್ಧದ ದಿನಗಳಲ್ಲಿ. ಬಿ.ಎ. ಮುಗಿಸಿ ಮಂಡ್ಯದ ಹೋಟೆಲುಗಳಲ್ಲಿ ಕಾಫಿಯ ಗುಣದೋಷ ವಿಮರ್ಶಿಸುತ್ತ ಕಾಲ ಕಳೆಯುತ್ತಿದ್ದ ನನಗೆ, ಇಂಗ್ಲಿಷ್ ಬರುತ್ತದೆಂಬ ಒಂದೇ ಅಪರಾಧಕ್ಕಾಗಿ ದಂಡಿನಲ್ಲಿ ಕೆಲಸ ಸಿಕ್ಕಿತು. ಮದ್ದೂರಿಗೂ ಮಳವಳ್ಳಿಗೂ ನಡುವೆ, ಶಿಂಷಾ ಹೊಳೆಯ ಹತ್ತಿರದ ನಮ್ಮೂರ ಬಯಲಿನಲ್ಲಿ ಎರಡು ದಂಡುಗಳು ಬೀಡುಬಿಟ್ಟಿದ್ದವು. ಇಬ್ಬರೂ ಒಟ್ಟಿಗೆ ಬರ್ಮಾದ ಕಡೆಗೆ ಹೋಗಿ ಒಬ್ಬನೇ ಶತ್ರುವಿನ ಮೇಲೆ ಬೀಳಬೇಕಾದವರು. ಅದಕ್ಕೆ ಮೊದಲು ಒಟ್ಟಿಗೆ ಹೊಳೆ ದಾಟುವುದನ್ನು ಅಭ್ಯಾಸ ಮಾಡಬೇಕಾದವರು. ಅವರ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ಮುಟ್ಟಿಸುವುದು ನನ್ನ ಉದ್ಯೋಗ. ಆ ದಂಡಿನ ಮಾತನ್ನು ಈ ದಂಡಿಗೆ ಮುಟ್ಟಿಸುವ ಕೆಲಸವೂ ನನ್ನ ತಲೆಗೇ ಬರುತ್ತದೆಂದು ಮೊದಲು ಯಾರೂ ಹೇಳಿರಲಿಲ್ಲ.

ದೇಶದೇಶಗಳ ಸೇನೆಗಳು ಸ್ನೇಹ ಬೆಳೆಸುವುದೆಂದರೆ ಉದ್ದನೆಯ ಮೇಜು, ರೇಷ್ಮೆ ದಾರ ಕಟ್ಟಿದ ಒಪ್ಪಂದ, ಗಂಭೀರವಾದ ಹಸ್ತಲಾಘವ ಎಂದು ನೀವು ಊಹಿಸಿಕೊಂಡಿದ್ದೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದಾಗ ತಿಳಿಯಿತು, ಸಾಮ್ರಾಜ್ಯಗಳ ಮೈತ್ರಿಯೆಲ್ಲ ಕೊನೆಗೆ ಬಂದು ನಿಲ್ಲುವುದು ಫೋಟೋದಲ್ಲಿ ಯಾರು ನಡುವೆ ಕೂರಬೇಕು, ಯಾರ ಬಾವುಟ ಗೇಣು ಮೇಲಿರಬೇಕು, ಚಹಾದ ಲೋಟ ಯಾರ ಮುಂದೆ ಮೊದಲು ಇಡಬೇಕು ಎಂಬಲ್ಲಿ. ಗುಂಡಿಗೆ ಎದೆಯೊಡ್ಡಲು ಇಬ್ಬರೂ ಸಿದ್ಧ, ಒಂದು ಹೆಜ್ಜೆ ಹಿಂದೆ ನಿಲ್ಲಲು ಮಾತ್ರ ಇಬ್ಬರಿಗೂ ಪ್ರಾಣಸಂಕಟ.

ಆ ಪ್ರಾಣಸಂಕಟ ಬಂದು ಕೂತದ್ದು ನಮ್ಮ ಚಿಕ್ಕಮ್ಮನ ಕಬ್ಬಿನ ಗದ್ದೆಯ ಮೇಲೆ. ಬಯಲಿನಿಂದ ಹೊಳೆಗೆ ಇಳಿಯಲು ಎರಡೇ ದಾರಿ. ಒಂದು ಕಲ್ಲುಬೋರೆಯ, ಅಂದರೆ ಕಲ್ಲುದಿಬ್ಬದ, ಮೇಲಿನ ಕಾಲುದಾರಿ. ಅದು ಎಷ್ಟು ಇಕ್ಕಟ್ಟೆಂದರೆ ಒಂದು ದಂಡು ಮುಂದೆ, ಇನ್ನೊಂದು ಹಿಂದೆ ಸಾಲಾಗಿ ಹೋಗಬೇಕು. ಹಿಂದೆ ಹೋಗಲು ಇಬ್ಬರು ಕರ್ನಲರೂ ಒಲ್ಲರು. ಇನ್ನೊಂದು ದಾರಿ, ನನ್ನ ತಾಯಿಯ ತಂಗಿ ಪುಟ್ಟಮ್ಮನ ಗದ್ದೆ. ಅಗಲವಾದ ನೆಲ, ಎರಡು ದಂಡೂ ಭುಜಕ್ಕೆ ಭುಜ ಕೊಟ್ಟು ಸರಿಸಮನಾಗಿ ನಡೆಯಬಹುದು. ನಡುವೆ ಆಳೆತ್ತರದ ಕಬ್ಬು ಕಟಾವಿಗೆ ನಿಂತಿತ್ತು ಎಂಬುದು ನಕ್ಷೆಯಲ್ಲಿ ಕಾಣುತ್ತಿರಲಿಲ್ಲ. ವಾರದೊಳಗೆ ಒಬ್ಬರು ಹಿಂದೆ ಸರಿಯದಿದ್ದರೆ ಗದ್ದೆಯ ಮೇಲೆಯೇ ನಡೆಯುವುದೆಂದು ತೀರ್ಮಾನವಾಗಿ, ಆ ಸುದ್ದಿಯನ್ನು ಚಿಕ್ಕಮ್ಮನಿಗೆ ಹೇಳುವ ಭಾಗ್ಯ ನನ್ನದಾಯಿತು. ಮಗುವನ್ನು ಸಾಕಿದಂತೆ ಆ ಕಬ್ಬನ್ನು ಅವಳು ಸಾಕಿದ್ದನ್ನು ಕಂಡಿದ್ದ ನಾನು ಗದ್ದೆಯ ಬದುವಿನಲ್ಲೇ ನಿಂತು ಸುದ್ದಿ ಒಪ್ಪಿಸಿದೆ.

"ನಿನ್ ದೊರೆಗೋಳ್ಗೆ ನನ್ ಕಬ್ಬೇ ಕಾಣ್ತೇನ್ಲಾ? ಬೋರೆ ಮ್ಯಾಲೆ ಓಗಾಕೆ ಕಾಲ್ ಸವ್ದೋಯ್ತವಾ?" ಎಂದಳು.

"ಅಲ್ಲಿ ಒಬ್ರು ಮುಂದೆ, ಒಬ್ರು ಹಿಂದೆ ಹೋಗ್ಬೇಕಲ್ಲ ಚಿಕ್ಕಮ್ಮ. ಹಿಂದೆ ಹೋಗೋಕೆ ಇಬ್ರೂ ಒಪ್ತಾ ಇಲ್ಲ."

ಚಿಕ್ಕಮ್ಮ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಬುಡ್ಲಾ! ಇವ್ರು ದಂಡಲ್ಲ, ಬೀಗ್ರು ಕಣ್ಲಾ!"

ಮಂಡ್ಯದ ಕಡೆಯ ಮದುವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಗರೆಂದರೆ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ, ಒಬ್ಬರ ಮೇಲೊಬ್ಬರು ಮುನಿಯದೆಯೂ ಇರಲಾರದೆ, ಒಂದೇ ಚಪ್ಪರದಡಿ ಎರಡು ಗತ್ತುಗಳನ್ನು ಹೊತ್ತು ನಿಂತ ಜನ. ನಮ್ಮಲ್ಲಿ ದಿಬ್ಬಣ ಊರೊಳಗೆ ಬರುವಾಗ ಹೆಣ್ಣಿನ ಕಡೆಯವರು ಮುಂದೆ ನಡೆದು ದಾರಿ ತೋರಿಸುತ್ತಾರೆ, ಏಕೆಂದರೆ ಮನೆ ಅವರದು. ಗಂಡಿನ ಕಡೆಯವರು ಹಿಂದೆ ಮೀಸೆ ತಿರುವುತ್ತ ಬರುತ್ತಾರೆ, ಏಕೆಂದರೆ ಮರ್ಯಾದೆ ಅವರದು. ಮುಂದಿದ್ದವನಿಗೆ ಯಜಮಾನಿಕೆ, ಹಿಂದಿದ್ದವನಿಗೆ ಗೌರವ. ಇಬ್ಬರೂ ಗೆದ್ದೆವೆಂದುಕೊಂಡು ಉಣ್ಣಲು ಕೂರುತ್ತಾರೆ.

ಚಿಕ್ಕಮ್ಮನ ಈ ರಾಜನೀತಿಯನ್ನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಇಬ್ಬರು ಕರ್ನಲರ ಮುಂದೆಯೂ ಇಟ್ಟೆ. ಉದ್ದನೆಯ ಇಂಗ್ಲಿಷ್ ಕರ್ನಲ್ ಪೈಪು ಸೇದುತ್ತ ಬಹಳ ಹೊತ್ತು ಯೋಚಿಸಿ, ಹಿಂದೆ ಬರುವವರಿಗೇ ಗೌರವ ಹೆಚ್ಚಾದರೆ ಹಿಂದೆ ತಾವೇ ಬರುತ್ತೇವೆ ಎಂದ. ಸದಾ ಏನನ್ನಾದರೂ ಜಗಿಯುತ್ತಿದ್ದ ದುಂಡನೆಯ ಅಮೆರಿಕದ ಕರ್ನಲ್ ಒಂದು ಕ್ಷಣವೂ ಯೋಚಿಸದೆ ಅದನ್ನೇ ಅಂದ. ನಿನ್ನೆಯವರೆಗೆ ಇಬ್ಬರಿಗೂ ಮುಂದೆ ಬೇಕಿತ್ತು, ಈಗ ಇಬ್ಬರಿಗೂ ಹಿಂದೆಯೇ ಬೇಕು! ನನ್ನ ಸಂಧಾನದ ಫಲ ಇಷ್ಟು.

"ಇಬ್ರೂ ಗಂಡಿನ್ ಕಡೆಯೋರೇ ಆದ್ರೆ ಎಣ್ಣ ಯಾರ್ಲಾ ತರೋರು?" ಎಂದು ಚಿಕ್ಕಮ್ಮ ರೇಗಿದಳು. "ಓಗ್ಲಿ, ಬೀಗ್ರೂಟಕ್ಕೆ ಕರಿ. ಓಕುಳಿ ಎರಚಿದ್ ಮ್ಯಾಲೆ ಯಾವೊನ್ ನೆಂದ್ನೋ ಅವ್ನೇ ಗಂಡಿನ್ ಕಡೆ. ಆಮ್ಯಾಕೆ ಮಾತಿಲ್ಲ."

ಬೀಗರೂಟದ ಕೊನೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಮೇಲೆ ಕೆಂಪು ಓಕುಳಿ ಎರಚುವುದು ನಮ್ಮಲ್ಲಿ ಪದ್ಧತಿ. ಇಂಗ್ಲಿಷರು ಈ ನಾಡಿಗೆ ಬಂದು ಬಹಳ ಕಾಲವಾಯಿತು, ಆದ್ದರಿಂದ ಅವರೇ ಮನೆಯವರು. ಅಮೆರಿಕದವರು ಹೊಸಬರು, ಆದ್ದರಿಂದ ಅವರೇ ಗಂಡಿನ ಕಡೆ, ಅವರನ್ನೇ ನೆನೆಸುವುದು ಎಂದು ಊರ ಹೆಂಗಸರು ಗುಟ್ಟಾಗಿ ನಿಶ್ಚಯಿಸಿದರು. ನನಗೂ ಹೇಳಲಿಲ್ಲ.

ಊಟದ ದಿನ ಬಂತು. ಮುದ್ದೆಯನ್ನು ನುಂಗಬೇಕೆಂದು ನಾನು ಎಷ್ಟು ವಿವರಿಸಿದರೂ ಕೇಳದೆ ಅಮೆರಿಕದ ಕರ್ನಲ್ ಅದನ್ನು ಜಗಿಯುತ್ತಲೇ ಇದ್ದ. ಇಂಗ್ಲಿಷ್ ಕರ್ನಲ್ ಮುದ್ದೆಯನ್ನು ಚಮಚದಿಂದ ಕತ್ತರಿಸಲು ನೋಡಿ, ಚಮಚ ಅಲ್ಲೇ ಸಿಕ್ಕಿಕೊಂಡು, ಕೊನೆಗೆ ಮುದ್ದೆಯ ಸಮೇತ ಮೇಲೆತ್ತಿದ. ಕೈ ತೊಳೆಯಲು ಎಲ್ಲರೂ ಎದ್ದದ್ದೇ ತಡ, ಗೋಡೆಯ ಮರೆಯಿಂದ ಹೆಂಗಸರು ಚೊಂಬುಗಳೊಂದಿಗೆ ನುಗ್ಗಿದರು. ಆದರೆ ಕೂತಾಗ ಎರಡು ಸಾಲಾಗಿದ್ದ ದಂಡುಗಳು ಎದ್ದಾಗ ಬೆರೆತುಹೋಗಿದ್ದವು. ಎಲ್ಲರದೂ ಖಾಕಿ, ಎಲ್ಲರದೂ ಬಿಸಿಲಿಗೆ ಬೆಂದ ಒಂದೇ ಬಣ್ಣದ ಮುಖ. ನಮ್ಮವರಿಗೆ ಬೀಗನ ಗುರುತು ಸಿಕ್ಕುವುದು ರುಮಾಲಿನಿಂದ, ಇಲ್ಲಿ ರುಮಾಲೆಲ್ಲಿದೆ? ಗಂಡಿನ ಕಡೆ ಯಾರೆಂದು ತಿಳಿಯದೆ ಅವರು ಸಿಕ್ಕಿದವರಿಗೆಲ್ಲ ಎರಚಿದರು. ಮೊದಲ ಚೊಂಬೇ ಇಂಗ್ಲಿಷ್ ಕರ್ನಲನ ಪೈಪನ್ನು ಆರಿಸಿತು.

ಕೆಂಪು ನೀರು ಅವನ ಗದ್ದದಿಂದ ಪದಕಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಕಬ್ಬೂ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡೆ. ಚಿಕ್ಕಮ್ಮ ಖಾಲಿ ಚೊಂಬು ಹಿಡಿದು ಗದ್ದೆಯ ಕಡೆಗೇ ನೋಡುತ್ತಿದ್ದಳು. ಆಗ ಅಮೆರಿಕದ ಕರ್ನಲ್ ಗಹಗಹಿಸಿ ನಕ್ಕ. ಇಂಗ್ಲಿಷ್ ಕರ್ನಲ್ ಪೈಪನ್ನು ಬಾಯಿಂದ ತೆಗೆದು, ಅದರೊಳಗಿನ ಓಕುಳಿಯನ್ನು ಬಲು ಮರ್ಯಾದೆಯಿಂದ ಅವನ ನೆತ್ತಿಯ ಮೇಲೆ ಸುರಿದ. ಆಮೇಲಿನದನ್ನು ಹೇಗೆ ಹೇಳಲಿ! ಮಿತ್ರರಾಷ್ಟ್ರಗಳೆರಡೂ ಓಕುಳಿ ಕಲಸಿಟ್ಟಿದ್ದ ಕಡಾಯಿಗೆ ನುಗ್ಗಿದವು. ಸಿಪಾಯಿ ಕ್ಯಾಪ್ಟನ್ನನಿಗೆ ಎರಚಿದ, ಕ್ಯಾಪ್ಟನ್ ಊರ ಪಟೇಲರಿಗೆ ಎರಚಿದ, ಪಟೇಲರು ನನಗೆ ಎರಚಿದರು. ಓಕುಳಿ ಮುಗಿದಾಗ ಮೈ ತೊಳೆಯಲೆಂದು ಇಡೀ ಗುಂಪು ಹೋ ಎಂದು ಕೂಗುತ್ತ ಹೊಳೆಗೆ ಓಡಿತು, ಹತ್ತಿರದ ಕಲ್ಲುಬೋರೆಯ ದಾರಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಯಾರು ಮುಂದಿದ್ದರು ಎಂದು ಕೇಳಬೇಡಿ. ಎಲ್ಲರೂ ಕೆಂಪಗಿದ್ದರು.

ಒಮ್ಮೆ ನಡೆದ ದಾರಿಯ ಬಗ್ಗೆ ಮತ್ತೆ ಜಗಳವಾಡಲು ಇಬ್ಬರಿಗೂ ನಾಚಿಕೆಯಾಗಿರಬೇಕು. ಅಭ್ಯಾಸವೂ ಬೋರೆಯ ಮೇಲೆಯೇ ನಡೆಯಿತು. ಗದ್ದೆಯ ಒಂದು ಗರಿಯೂ ಬಾಗಲಿಲ್ಲ. ಚಿಕ್ಕಮ್ಮನ ಓಕುಳಿ ಮಾತ್ರ ಅಗಸನಿಗೆ ಬಗ್ಗಲಿಲ್ಲ. ಕರ್ನಲರಿಬ್ಬರೂ ಆ ಅಂಗಿಗಳನ್ನು ನಗುತ್ತ ಅವಳಿಗೇ ಒಪ್ಪಿಸಿದರು.

ಕೆಲವೇ ದಿನಗಳಲ್ಲಿ ದಂಡುಗಳಿಗೆ ಹೊರಡುವ ಅಪ್ಪಣೆ ಬಂತು. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಿದ್ದಾಗ ಚಿಕ್ಕಮ್ಮ ಗಾಡಿ ಹೊಡೆಸಿಕೊಂಡು ಬಂದಳು. ಗಾಡಿಯ ತುಂಬ ಕಬ್ಬು, ಗದ್ದೆಯ ನಡುವಿನ ಒಳ್ಳೆಯ ಕಬ್ಬು! ಒಂದು ಗರಿ ಮುರಿದರೂ ಸಹಿಸದಿದ್ದವಳು ತಾನೇ ನಿಂತು ಕಡಿಸಿ ತಂದಿದ್ದಳು.

"ಇದ್ಕಾ ಚಿಕ್ಕಮ್ಮ ಅಷ್ಟೊಂದು ಒದ್ದಾಡಿದ್ದು?" ಎಂದೆ.

"ತುಳುದಿದ್ರೆ ಒಟ್ಟೆ ಉರೀತಿತ್ತು ಕಣ್ಲಾ. ತಿಂದ್ರೆ ಏನು? ಬೀಗ್ರನ್ನ ಬರಿಗೈಲಿ ಕಳ್ಸಾಕಾಯ್ತದಾ?" ಎಂದು ಕಿಟಕಿಕಿಟಕಿಗೂ ಜಲ್ಲೆ ಚಾಚುತ್ತ ಹೋದಳು. ರೈಲು ಹೊರಟಾಗ ಎರಡು ದೇಶಗಳ ಸೇನೆಯೂ ಹಲ್ಲಿನಲ್ಲಿ ಕಬ್ಬು ಸೀಳುತ್ತಿತ್ತು. ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಅವರಲ್ಲಿ ಎಷ್ಟು ಜನ ಮನೆ ಸೇರಿದರೋ ನಮಗೆ ತಿಳಿಯಲಿಲ್ಲ. ಆ ಅಂಗಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹೊಲಿದು ನನ್ನ ಮದುವೆಗೆ ಅವಳು ಉಡುಗೊರೆ ಕೊಟ್ಟಳು.

ಯುದ್ಧ ಮುಗಿಯಿತು. ಈಗ ಇಂಗ್ಲಿಷರೂ ಗಂಟುಮೂಟೆ ಕಟ್ಟಿದ್ದಾರೆ. ಯಾರು ಮುಂದೆ, ಯಾರು ಹಿಂದೆ ಎಂಬ ಜಗಳ ನಮ್ಮವರದೇ ಹೊಸ ಸರ್ಕಾರಗಳಿಗೆ ದಾಟಿಕೊಂಡು ಪತ್ರಿಕೆಯ ತುಂಬ ಹಬ್ಬಿದೆ. ಮೊನ್ನೆ ಚಿಕ್ಕಮ್ಮ ಬಂದಿದ್ದಾಗ ಸಾರು ಕುದಿದು ಉಕ್ಕುವುದರಲ್ಲಿತ್ತು. ನಾನು ಮಸಿಬಟ್ಟೆಯನ್ನು ಹಿಡಿದು, ಇವತ್ತು ಯಾರ ಸರದಿ ಎಂದು ಹಿಂದೆ ಮುಂದೆ ತಿರುಗಿಸುತ್ತ ನಿಂತಿದ್ದೆ.

"ಯಾವ್ ಮಗ್ಗಲಾದ್ರೇನ್ಲಾ? ಕಲೆ ಎಲ್ಡ್ ಕಡೀಕೂ ಅದೆ. ಮೊದ್ಲು ಸಾರಿಳ್ಸು!"

ಇಳಿಸಿದೆ. ಕೈ ಸುಡಲಿಲ್ಲ.