ಹಾಸ್ಟೆಲ್ ಟ್ರಂಕಿನಲ್ಲಿ ಅವ್ವನ ಉಸಿರು

ಹೋದ ವರ್ಷ ಎಳ್ಳ ಅಮಾವಾಸ್ಯೆ ಮುಗಿದು ಮೂರು ದಿನವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನಾವು ಮೂವರು ಒಂದು ಹಳೆಯ ಡೀಸೆಲ್ ಜೀಪಿನಲ್ಲಿ ಆಳಂದದಿಂದ ಘತ್ತರಗಿಗೆ ಹೊರಟೆವು. ನಾನು, ನಮ್ಮ ಅವ್ವ, ಜೀಪಿನ ಮಾಲೀಕ ಮಕ್ಬೂಲ್ ಚಾಚಾ. ಹಿಂದೆ ಒಂದು ಬದಿಯ ಸೀಟು ತೆಗೆದ ಜಾಗದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘ಸುವರ್ಣಾ, ಬಿ.ಎಸ್ಸಿ. ಮೊದಲ ವರ್ಷ’ ಎಂದು ಬರೆದಿತ್ತು. ನಾನು ಹಾಸ್ಟೆಲಿಗೆ ಹೋಗುವಾಗ ಅವ್ವ ಕೊಡಿಸಿದ ಟ್ರಂಕು ಅದು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಇಪ್ಪತ್ತೆರಡು ವರ್ಷ ಆಳಂದದ ಬೇಳೆ ಮಿಲ್ಲಿನಲ್ಲಿ ತೊಗರಿಯ ಹೊಟ್ಟು ತೂರಿ ನನ್ನನ್ನು ಓದಿಸಿದಳು. ನಾನು ಭೌತಶಾಸ್ತ್ರ ಓದಿದೆ, ಈಗ ಕಡಗಂಚಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವನ ಎದೆಯಲ್ಲಿ ಮಾತ್ರ ಆ ಹೊಟ್ಟಿನ ಧೂಳು ಕುಳಿತುಬಿಟ್ಟಿತು. ನಾಲ್ಕು ವರ್ಷದಿಂದ ಅವಳಿಗೆ ಆಮ್ಲಜನಕದ ಯಂತ್ರ ಬೇಕು. ಮೊಣಕಾಲೆತ್ತರದ ಯಂತ್ರ, ಗಾಳಿಯನ್ನು ಸೋಸಿ ಕೊಡುತ್ತದೆ, ಇಡೀ ದಿನ ಗುಂಯ್ ಎನ್ನುತ್ತಿರುತ್ತದೆ. ಅದರಿಂದ ಮೂಗಿಗೆ ಏಳು ಮೀಟರಿನ ನಳಿಕೆ. ಹಾಸಿಗೆಯಿಂದ ಅಡುಗೆಮನೆ, ಅಲ್ಲಿಂದ ಅಂಗಳದ ಹೊಸ್ತಿಲು. ಅಷ್ಟೇ ಅವಳ ಊರು.

ಅವ್ವನ ತವರು ಘತ್ತರಗಿ ಹತ್ತಿರ, ಭೀಮಾ ದಂಡೆಯ ಒಂದು ಹಳ್ಳಿ. ಈಜಿ ಬೆಳೆದವಳನ್ನು ಮಾದನಹಿಪ್ಪರಗಾದ ಒಣ ಹೊಲಕ್ಕೆ ಕೊಟ್ಟರು, ಅಲ್ಲಿಂದ ಕೂಲಿಗೆಂದು ಆಳಂದದ ಮಿಲ್ಲಿಗೆ ಬಂದಳು. ಆದರೂ ವರ್ಷಕ್ಕೊಮ್ಮೆ ಅವಳೂ ಜೇವರ್ಗಿಯಲ್ಲಿರುವ ಚಿಕ್ಕವ್ವನೂ ಘತ್ತರಗಿಯಲ್ಲಿ ಕೂಡುತ್ತಿದ್ದರು. ಭಾಗ್ಯವಂತಿ ದೇವಿಗೆ ಕೈಮುಗಿದು ಹೊಳೆಯಲ್ಲಿ ಕಾಲಿಟ್ಟು ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಯಂತ್ರ ಬಂದ ಮೇಲೆ ಅದು ನಿಂತುಹೋಯಿತು. ಚಿಕ್ಕವ್ವ ಫೋನಿನಲ್ಲಿ, "ಅಕ್ಕಾ, ಈ ವರ್ಷ ನೀರ ಭಾಳ ಅದ, ನೀ ಬಂದಿದ್ರ ಛಲೋ ಇತ್ತು" ಎಂದಾಗ ಅವ್ವ ನಕ್ಕು ಹೇಳಿದ್ದು ನನಗೆ ಕೇಳಿಸಿತು.

"ನನ್ನ ನಳಿಗಿ ಏಳ ಮೀಟರ್ ಅದ ತಂಗಿ. ಹೊಳಿ ತನಕ ಮುಟ್ಟಂಗಿಲ್ಲ."

ಆ ದಿನವೇ ನಾನು ಲೆಕ್ಕದ ನೋಟುಬುಕ್ಕು ತೆಗೆದು ಕೂತೆ. ಯಂತ್ರ ಎಷ್ಟು ಕರೆಂಟು ಎಳೆಯುತ್ತದೆ, ಎಷ್ಟು ದೊಡ್ಡ ಬ್ಯಾಟರಿ ಬೇಕು, ಎಷ್ಟು ತಾಸು ಬರುತ್ತದೆ. ಗಾಡಿಯ ಸ್ವಂತ ಬ್ಯಾಟರಿಯಿಂದ ಎಳೆದರೆ ಗಾಡಿಯೇ ಚಾಲೂ ಆಗದೆ ನಿಲ್ಲುತ್ತದೆ. ಆದ್ದರಿಂದ ಎರಡನೆಯ ಬ್ಯಾಟರಿ ಬೇಕು. ಎಂಜಿನ್ ಓಡುವಾಗ ಅದೂ ಚಾರ್ಜ್ ಆಗಬೇಕು. ಇಳಿದ ಮೇಲೆ ಬಿಚ್ಚಿ ಕೈಯಲ್ಲಿ ಎತ್ತಿಕೊಂಡು ಹೊಳೆದಂಡೆಗೆ ಒಯ್ಯುವಂತಿರಬೇಕು. ಡಾಕ್ಟರರೂ ಒಪ್ಪಿದರು, ಆದರೆ ಜೊತೆಗೆ ಒಂದು ಸಣ್ಣ ಸಿಲಿಂಡರ್ ಇರಲೇಬೇಕು ಎಂದರು. ಅರ್ಧ ತಾಸು ಬರುವ ಸಿಲಿಂಡರ್.

ಮಕ್ಬೂಲ್ ಚಾಚಾನಿಗೆ ಬಸ್‌ಸ್ಟ್ಯಾಂಡ್ ಹಿಂದೆ ಗಾಡಿಗಳ ವೈರಿಂಗ್ ಮಾಡುವ ಅಂಗಡಿ ಇದೆ. ಮಿಲ್ಲಿನ ಮೋಟಾರು ರಿಪೇರಿಗೆ ಬರುತ್ತಿದ್ದ ಕಾಲದಿಂದ ಅವ್ವನನ್ನು ಅಕ್ಕಾ ಅನ್ನುತ್ತಾನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ನನ್ನ ನೋಟುಬುಕ್ಕನ್ನು ತಲೆಕೆಳಗಾಗಿ ಹಿಡಿದು ನೋಡಿ, "ವಾಹ್ ಬಿಎಸ್ಸಿ ಮೇಡಂ, ಬರವಣಿಗಿ ಏನ್ ಚಂದ ಅದ" ಎಂದು ಚೇಷ್ಟೆ ಮಾಡಿದ. ಆದರೆ ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದ.

ನಾಲ್ಕು ಸಂಜೆ ಇಬ್ಬರೂ ಕೂಡಿ ಕೆಲಸ ಮಾಡಿದೆವು. ಟ್ರಂಕಿನೊಳಗೆ ರಬ್ಬರ್ ಹಾಳೆ ಹಾಸಿ ಬ್ಯಾಟರಿ ಕೂಡಿಸಿದೆವು. ಪಕ್ಕದಲ್ಲಿ ಇನ್ವರ್ಟರ್. ಅವ್ವನ ಯಂತ್ರಕ್ಕೆ ಟ್ರಂಕಿನ ಹೊರಗೆ, ಅದಕ್ಕೆ ತಾಗಿಯೇ ಜಾಗ. ಜೀಪಿನ ಬ್ಯಾಟರಿಯಿಂದ ಬೆರಳುದಪ್ಪ ತಾಮ್ರದ ವೈರನ್ನು ನೆಲದ ಕೆಳಗಿನಿಂದ ತಂದು, ಅದರ ಬಾಯಿಗೇ ಒಂದು ಫ್ಯೂಜ್ ಹಾಕಿದೆವು. ಚಾಚಾ ಟ್ರಂಕಿನ ಎರಡೂ ಪಕ್ಕೆಗೆ ಡ್ರಿಲ್ಲಿನಿಂದ ಸಾಲುಸಾಲಾಗಿ ತೂತು ಹೊಡೆದ.

"ಇದಕ್ಕೂ ಮೂಗು ಬೇಕಲ್ಲ ಬೇಟಿ. ನಿಮ್ಮವ್ವನಂಗ ಇದೂ ಉಸಿರಾಡಬೇಕು."

ಅವನ ಕೆಲಸದಲ್ಲಿ ಒಂದು ರೂಢಿ ಇತ್ತು. ಯಾವ ಜೋಡಣೆ ಮುಗಿದರೂ ಅದನ್ನು ಒಂದು ತಾಸು ಓಡಿಸಿ, ವೈರಿನ ಪ್ರತಿ ಗಂಟಿಗೂ ಅಂಗೈ ಹಿಂಬದಿ ತಾಗಿಸಿ ನೋಡುತ್ತಿದ್ದ, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ನಾನು ಮೀಟರ್ ಹಿಡಿದು, "ಚಾಚಾ, ಇಲ್ಲಿ ನಂಬರ್ ಬರಾಕತ್ತದ ನೋಡ್ರಿ" ಎಂದರೆ, "ಮೀಟರ್ ಕರೆಂಟ್ ಹೇಳತದ. ಕಾವು ಹೇಳಂಗಿಲ್ಲ" ಎನ್ನುತ್ತಿದ್ದ. ನಾನು ಒಳಗೊಳಗೇ ನಗುತ್ತಿದ್ದೆ.

ಹೊರಟ ದಿನದ ಮೊದಲ ತಾಸು ನನಗೆ ಈಗಲೂ ಕನಸಿನ ಹಾಗೆಯೇ ಕಾಣುತ್ತದೆ. ಎಳೆಬಿಸಿಲು. ಎರಡೂ ಬದಿಗೆ ತೆನೆ ಹಿಡಿದ ಬಿಳಿಜೋಳ, ನಡುನಡುವೆ ಕುಸುಬಿ. ಕಟಾವಾದ ತೊಗರಿಯ ಹೊಲಗಳಲ್ಲಿ ಕಟ್ಟಿಗೆಯ ಗುಡ್ಡೆ. ಯಂತ್ರದ ಗುಂಯ್ ಸದ್ದು ಎಂಜಿನ್ನಿನ ಸದ್ದಿನೊಳಗೆ ಕರಗಿ ಒಂದೇ ರಾಗವಾಗಿತ್ತು. ಕೌದಿ ಹೊದ್ದು ಕೂತ ಅವ್ವ ನಾಲ್ಕು ವರ್ಷದ ಮೇಲೆ ಮರ ನೋಡುತ್ತಿದ್ದಳು, ಎಮ್ಮೆ ನೋಡುತ್ತಿದ್ದಳು, ಬೇರೆಯವರ ಮನೆಯ ಬಾಗಿಲು ನೋಡುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು.

"ಸುವರ್ಣಾ, ನಾವು ಹೊಂಟೀವೋ, ಊರ ಹೊಂಟಾವೋ ಬೇ?"

"ನಾವ ಹೊಂಟೀವಿ ಅವ್ವಾ."

"ಇರಲಿ ಬಿಡು, ಹ್ಯಾಂಗರೆ ಹೋಗಲಿ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಅಫಜಲಪುರಕ್ಕೆ ಮೊದಲು ಒಂದು ಚಹಾದ ಅಂಗಡಿಯ ಮುಂದೆ ಚಾಚಾ ಜೀಪು ನಿಲ್ಲಿಸಿ ಟ್ರಂಕಿನ ಮುಚ್ಚಳ ತೆಗೆದ. ಅಂಗೈ ಹಿಂಬದಿ ಇಟ್ಟು ನೋಡಿದ. ಜನ ಸುತ್ತಲೂ ಕೂಡಿದರು. ಒಬ್ಬ, "ಗಾಡಿಯಿಂದ ಮುದುಕಿ ಮೂಗಿಗೆ ಪೈಪ್ ಯಾಕ್ರಿ? ಡೀಸೆಲ್ ಹಾಕಾಕತ್ತೀರೇನು?" ಎಂದು ಕೇಳಿದ. ಅವ್ವನೇ ಎಲ್ಲರಿಗಿಂತ ಮೊದಲು ನಕ್ಕಳು. ಆದರೆ ಜೀಪು ಹೊರಟ ಮೇಲೆ ಅವಳಿಗೆ ಅಳುಕಾಯಿತು.

"ಅಷ್ಟ ಮಂದಿ ನೋಡಿದ್ರು. ಹೊಸ ವಸ್ತು, ದೃಷ್ಟಿ ಆಗತದ. ಈ ಕೌದಿ ಹೊಚ್ಚು ಬೇ ಅದಕ್ಕ."

ನಮ್ಮ ಕಡೆ ಹೊಸದೇನೇ ಮನೆಯಿಂದ ಹೊರಟರೂ ಮುಚ್ಚಿ ಒಯ್ಯುವುದು ರೂಢಿ. ಮುಂದೆ ರಸ್ತೆ ಕೆಲಸ ನಡೆದು ಕೆಂಪು ಧೂಳು ಏಳುತ್ತಿತ್ತು. ನಾನು ಅವ್ವ ಹೊದ್ದಿದ್ದ ಕೌದಿ ತೆಗೆದು ಟ್ರಂಕಿಗೆ ಹೊದಿಸಿದೆ. ಅವಳ ಹಳೆಯ ಸೀರೆಗಳಿಂದ ಹೊಲಿದ ನಾಲ್ಕು ಪದರದ ಕೌದಿ. ಅಲುಗಾಡದಿರಲಿ ಎಂದು ನಾಲ್ಕೂ ಮೂಲೆ ಒಳಗೆ ತುರುಕಿದೆ. ಪಕ್ಕೆಯ ತೂತುಗಳ ಸುತ್ತ ನಾಲ್ಕು ಬೆರಳು ಜಾಗ ಬಿಡಬೇಕೆಂದು ನನ್ನ ನೋಟುಬುಕ್ಕಿನಲ್ಲಿ ನಾನೇ ಬರೆದಿದ್ದೆ. ಆ ಹೊತ್ತಿಗೆ ಅದು ನೆನಪಿಗೇ ಬರಲಿಲ್ಲ.

ಅಫಜಲಪುರದಲ್ಲಿ ಚಾಚಾ ಮತ್ತೆ ನಿಲ್ಲಿಸಲು ಹೋದ. ನಾನೇ ಬೇಡವೆಂದೆ.

"ಪ್ರತಿ ಸಲ ಬಿಚ್ಚಿದ್ರ ಧೂಳ ಒಳಗ ಹೋಗತದ ಚಾಚಾ. ಬ್ಯಾಟರಿ ಇನ್ನೂ ಮುಕ್ಕಾಲು ಅದ. ನಡೀರಿ, ಚಿಕ್ಕವ್ವ ಬಸ್ ಇಳಿದು ಕುಂತಾಳ."

"ಮೇಡಂ ಹುಕುಂ" ಎಂದು ಚಾಚಾ ಗೇರ್ ಹಾಕಿದ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ನನಗೆ ತೂಕಡಿಕೆ ಬಂದಿತ್ತು. ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಗುಂಯ್ ಇರಲಿಲ್ಲ. ಮರುಕ್ಷಣ ಯಂತ್ರ ಕೀಂಯ್ ಕೀಂಯ್ ಎಂದು ಕಿರುಚತೊಡಗಿತು. ಅವ್ವ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಚಾಚಾ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿದ. ನಾನು ನಳಿಕೆಯನ್ನು ಸಿಲಿಂಡರಿಗೆ ಚುಚ್ಚಿದೆ. ಈಗ ನಮ್ಮ ಹತ್ತಿರ ಇದ್ದದ್ದು ಅರ್ಧ ತಾಸು. ಹಿಂದಕ್ಕೆ ಹೊರಳಿದರೆ ಅಫಜಲಪುರದ ಆಸ್ಪತ್ರೆ ಸಿಗುತ್ತದೆ, ಹೊಳೆ ಸಿಗುವುದಿಲ್ಲ. ಇದೊಂದು ಸಲ ಹೀಗಾದರೆ ಡಾಕ್ಟರರಾಗಲಿ ನಾನಾಗಲಿ ಅವ್ವನನ್ನು ಮತ್ತೆ ಹೊರಗೆ ಬಿಡುವವರಲ್ಲ. ಅದು ಅವಳಿಗೂ ಗೊತ್ತಿತ್ತು.

ಬ್ಯಾಟರಿಯ ಮೀಟರ್ ನೋಡಿದೆ. ಮುಕ್ಕಾಲು ತುಂಬಿಯೇ ಇತ್ತು. ಹಾಗಾದರೆ ಎಲ್ಲೋ ಗಂಟು ಸಡಿಲಾಗಿರಬೇಕು. ಗಂಟು ಹಾಕಿದವನು ಚಾಚಾ. ಹೆದರಿಕೆಗೆ ನನ್ನ ನಾಲಗೆ ಹಿಡಿತ ತಪ್ಪಿತು.

"ನಿಮ್ಮ ಜೋಡಣಿ ಲೂಸ್ ಆಗ್ಯದ. ಓದಿದವರು ಮಾಡೋ ಕೆಲಸ ಓದದವರ ಕೈಯಾಗ ಕೊಟ್ಟಿದ್ದ ನನ್ನ ತಪ್ಪು!"

ಚಾಚಾ ಎಂಜಿನ್ ಆರಿಸಿ ಕೆಳಗಿಳಿದ. ಅವ್ವನೇ ಮೂಗಿನ ನಳಿಕೆ ಸ್ವಲ್ಪ ಸರಿಸಿ, ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡು ಹೇಳಿದಳು.

"ಹಂಗ ಅನಬ್ಯಾಡ ಬೇ. ನಾನೂ... ಓದಿದಾಕಿ ಅಲ್ಲ."

ಆ ಮಾತು ಕೇಳಿ ನನ್ನ ಕಿವಿ ಕಾದವು. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷ ಹೆಬ್ಬೆಟ್ಟು ಒತ್ತಿದ ಕೈ ಅವಳದು. ಆ ಹೆಬ್ಬೆಟ್ಟಿನಿಂದಲೇ ನಾನು ಸಹಿ ಮಾಡುವವಳಾದೆ.

ಚಾಚಾ ಹಿಂದೆ ಬಂದು, ಟ್ರಂಕಿನ ಹೊರಗಿನ ಗಂಟುಗಳ ಮೇಲೆ ಒಂದೊಂದಾಗಿ ಅಂಗೈ ಹಿಂಬದಿ ಇಟ್ಟ. ಫ್ಯೂಜ್ ಮುಟ್ಟಿದ. ಎಲ್ಲ ತಣ್ಣಗಿತ್ತು. ಆಮೇಲೆ ಕೌದಿಯೊಳಗೆ ಕೈ ತೂರಿಸಿದ. ಥಟ್ಟನೆ ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದ.

"ಜ್ವರ ಬಂದದ ಇದಕ್ಕ. ಕೌದಿ ಹೊಚ್ಚಿ ಮಲಗಿಸಿದವರು ಯಾರು?"

"ನಾನ ಹೇಳಿದ್ದೆ ತಮ್ಮಾ" ಎಂದಳು ಅವ್ವ.

ನಾನು ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ನನಗಾಗಿ ಮಾಡಿಕೊಟ್ಟ ದಾರಿ ಅದು. ಒಂದು ಗಳಿಗೆ ಆ ದಾರಿ ನನಗೆ ಬೇಕು ಅನ್ನಿಸಿದ್ದೂ ನಿಜ.

"ಅವ್ವ ಅಂದದ್ದು ಖರೇ ಚಾಚಾ. ಆದ್ರ ಅಕಿಗಿ ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ನೀವು ಕೈ ಇಟ್ಟು ನೋಡ್ತೀನಿ ಅಂದಾಗೂ ನಾನ ಬ್ಯಾಡ ಅಂದೆ. ತಪ್ಪು ನಂದು. ಆಗ ಅಂದ ಮಾತೂ ತಪ್ಪು."

ಚಾಚಾ ಕೌದಿಯನ್ನು ಮಡಿಚಿ ಅವ್ವನ ಮಡಿಲಲ್ಲಿ ಇಟ್ಟು ಟ್ರಂಕಿನ ಮುಚ್ಚಳ ತೆಗೆದ. "ಆ ಮಾತು ಆಮ್ಯಾಲ ನೋಡಮು. ಈಗ ಗಾಳಿ ಹಾಕ್ರಿ ಮೇಡಂ, ಗಾಳಿ."

ಬೀಸಲು ಕೈಗೆ ಸಿಕ್ಕದ್ದು ನನ್ನ ಲೆಕ್ಕದ ನೋಟುಬುಕ್ಕು. ಅದರಿಂದಲೇ ಇನ್ವರ್ಟರಿಗೆ ಗಾಳಿ ಹಾಕಿದೆ. ಕಾವು ಹೆಚ್ಚಾದರೆ ತಾನೇ ನಿಲ್ಲುವಂತೆ ಅದನ್ನು ಮಾಡಿರುತ್ತಾರೆ, ತಣ್ಣಗಾದರೆ ಮತ್ತೆ ಏಳುತ್ತದೆ. ಓದಿದ್ದು ನಿಜವೋ ಸುಳ್ಳೋ ಎಂದು ಆ ಮರದ ಕೆಳಗೆ ನಿಂತು ಕಾಯುವುದಿತ್ತು. ಬೇವಿನ ಎಲೆ ಒಂದೊಂದೇ ಉದುರುತ್ತಿದ್ದವು. ಅವ್ವ ಸಿಲಿಂಡರಿನ ಮುಳ್ಳು ನೋಡಲಿಲ್ಲ, ನಾನು ನೋಡುತ್ತಿದ್ದೆ. ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಚಾಚಾ ಒಮ್ಮೆ ಕೈ ಇಟ್ಟು ತಲೆ ಅಲ್ಲಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟ. ಮೂರನೆಯ ಸಲ ತಾನು ಇಡದೆ ನನ್ನ ಮಣಿಕಟ್ಟು ಹಿಡಿದು, ನನ್ನ ಅಂಗೈಯ ಹಿಂಬದಿಯನ್ನು ಅದರ ಮೇಲೆ ಇಡಿಸಿದ.

"ಈಗ ನೀ ಹೇಳು."

ಬೆಚ್ಚಗಿತ್ತು, ಅಷ್ಟೇ. "ಇಳದದ ಚಾಚಾ" ಎಂದೆ.

"ಹಂಗಾದ್ರ ಬಟನ್ ಒತ್ತು."

ಒತ್ತಿದೆ. ಕೆಂಪು ದೀಪ ಹಸಿರಾಯಿತು. ಯಂತ್ರ ಒಮ್ಮೆ ಕೆಮ್ಮಿದ ಹಾಗೆ ಮಾಡಿ ಗುಂಯ್ ಎಂದಿತು. ಅಷ್ಟು ಚಂದದ ಸದ್ದನ್ನು ನಾನು ಕೇಳಿಲ್ಲ. ಚಾಚಾ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಅವ್ವನನ್ನು ಕೇಳಿದ.

"ಅಕ್ಕಾ, ಹಿಂದಕ್ಕೋ, ಮುಂದಕ್ಕೋ?"

ಅವ್ವ ಕೈಯೆತ್ತಿ ಮುಂದಿನ ಗಾಜು ತೋರಿಸಿದಳು. ನಾನು ಸಿಲಿಂಡರ್ ನೋಡಿದೆ, ಮೀಟರ್ ನೋಡಿದೆ, ಟ್ರಂಕಿನ ಪಕ್ಕೆಗೆ ಇನ್ನೊಮ್ಮೆ ಕೈ ಇಟ್ಟೆ. ಹೂಂ ಅಂದೆ. ಘತ್ತರಗಿಯ ತನಕ ಮುಚ್ಚಳ ತೆರೆದೇ ಇತ್ತು. ನಾನು ಕೈ ತೆಗೆಯಲಿಲ್ಲ.

ಹೊಳೆದಂಡೆಯಲ್ಲಿ ಚಿಕ್ಕವ್ವ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಳು. ನಾನೂ ಚಾಚಾನೂ ಟ್ರಂಕನ್ನು ಎರಡು ಕಡೆ ಹಿಡಿದು ಮೆಟ್ಟಿಲಿಳಿಸಿದೆವು. ಗುಡಿಗೆ ಬಂದವರು ದಾರಿ ಬಿಟ್ಟರು, ಇಬ್ಬರು ಯಂತ್ರ ಎತ್ತಿ ತಂದುಕೊಟ್ಟರು. ನೀರು ತಾಗದ ಮೇಲಿನ ಮೆಟ್ಟಿಲಿಗೆ ಎಲ್ಲವನ್ನೂ ಇಟ್ಟು ನಳಿಕೆಯ ಸುರುಳಿ ಬಿಚ್ಚಿದೆವು. ಏಳು ಮೀಟರ್ ಕಡೆಯ ಮೆಟ್ಟಿಲಿನ ತನಕ ಸರಿಯಾಗಿ ಬಂತು.

ಅವ್ವ ಎರಡೂ ಪಾದ ಭೀಮೆಯಲ್ಲಿ ಇಳಿಬಿಟ್ಟಳು. ಚಿಕ್ಕವ್ವ ಪಕ್ಕದಲ್ಲಿ ಕೂತು ಅವಳ ಕಾಲಿಗೆ ನೀರು ಎರೆದಳು.

"ಮುಟ್ಟಿತಲ್ಲಕ್ಕಾ ನಿನ್ನ ನಳಿಗಿ."

"ಮುಟ್ಟಿತು. ನೀರ ಥಣ್ಣಗದ ನೋಡು. ಹಂಗ ಅದ. ಒಂಚೂರೂ ಬದಲಾಗಿಲ್ಲ" ಎಂದಳು ಅವ್ವ. ಅದು ಅವಳ ಬಾಲ್ಯದ ನೀರೇ ಎನ್ನುವಂತೆ. ಆಮೇಲೆ ಇಬ್ಬರೂ ರೊಟ್ಟಿಯ ಗಂಟು ಬಿಚ್ಚಿದರು. ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಬಜ್ಜಿ ತಿಂದರು. ತಿನ್ನುತ್ತಲೇ ಅವ್ವ ತಂಗಿಯ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಬಿಸಿಲು ನೀರಿನ ಮೇಲೆ ಸಣ್ಣಗೆ ಅಲುಗುತ್ತಿತ್ತು. ಯಂತ್ರ ಗುಂಯ್ ಎನ್ನುತ್ತಿತ್ತು. ಹೊಳೆ, ಗುಡಿಯ ಗಂಟೆ, ಆ ಸದ್ದು, ಅವ್ವನ ಉಸಿರು, ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ.

ಸಂಜೆಗೆ ಮೊದಲೇ ಮನೆ ಸೇರಿದೆವು. ಟ್ರಂಕು ಇಳಿಸುವಾಗ, "ಚಾಚಾ, ಆ ಮಾತು ಆಮ್ಯಾಲ ನೋಡಮು ಅಂದಿದ್ರಿ" ಎಂದೆ. "ನೋಡಿದ್ನಲ್ಲ, ಹೊಳಿಗಿ ಬಿಟ್ಟು ಬಂದೆ" ಎಂದು ನಕ್ಕು ಜೀಪು ತಿರುಗಿಸಿಕೊಂಡು ಹೋದ.

ನನ್ನ ಡಿಗ್ರಿಯ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ಅದು ಸುಮ್ಮನೆ ಬಂದದ್ದಲ್ಲ. ಆದರೆ ತರಗತಿಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ಮೀಟರ್ ಕೊಡುವ ಮೊದಲು ಮಕ್ಕಳಿಗೆ ಕೈಯ ಹಿಂಬದಿಯಿಂದ ಕಾವು ನೋಡುವುದನ್ನು ಕಲಿಸುತ್ತೇನೆ, ಕಲಿಸಿದವರ ಹೆಸರು ಹೇಳಿ.

ಅವ್ವ ಈಗ ಜೇವರ್ಗಿಗೆ ಹೋಗಬೇಕು ಅನ್ನುತ್ತಾಳೆ. ಟ್ರಂಕು ಅವಳ ಮಂಚದ ಪಕ್ಕದಲ್ಲೇ ಇರುತ್ತದೆ. ಕೌದಿಯನ್ನು ಅದರ ಕೆಳಗೆ ಹಾಸಿದ್ದೇವೆ. ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಅದು ಓಡುತ್ತಿದ್ದರೆ, ಅವ್ವ ಮಲಗಿದ್ದರೆ, ನಾನು ಸದ್ದಿಲ್ಲದೆ ಹೋಗಿ ಅಂಗೈ ಹಿಂಬದಿಯನ್ನು ಟ್ರಂಕಿನ ಪಕ್ಕೆಗೆ ಇಡುತ್ತೇನೆ. ಆಮೇಲೆ ಅದೇ ಕೈಯನ್ನು ಅವ್ವನ ಹಣೆಗೆ ಇಡುತ್ತೇನೆ. ಅವಳು ಕಣ್ಣು ತೆರೆಯದೆಯೇ ಕೇಳುತ್ತಾಳೆ, "ಹೊಳಿ ಬಂತೇನ ಬೇ?"