ಗೋಪಿನಾಥರ ಬೇಸ್‌ಬಾಲ್ ಪಂಚಾಂಗ

ವಾಷಿಂಗ್ಟನ್ ಪಕ್ಕದ ರಾಕ್‌ವಿಲ್ ಕನ್ನಡಿಗರ ಯುಗಾದಿಯಲ್ಲಿ ಎರಡು ಪಂಚಾಂಗ ಶ್ರವಣ ನಡೆಯುತ್ತಿತ್ತು. ಮೊದಲನೆಯದನ್ನು ಭಟ್ಟರು ಓದುತ್ತಿದ್ದರು. ಆಗ ಜನ ಫೋನ್ ನೋಡಿಕೊಳ್ಳುತ್ತಿದ್ದರು. ಎರಡನೆಯದನ್ನು ಗೋಪಿನಾಥರು ಓದುತ್ತಿದ್ದರು. ಆಗ ಹೋಳಿಗೆ ಬಿಸಿ ಮಾಡುತ್ತಿದ್ದವರೂ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದರು. ಅದು ಬೇಸ್‌ಬಾಲ್ ಪಂಚಾಂಗ. ಒಂದೇ ಗುಂಪಿನಲ್ಲಿ ಪ್ರತಿ ವರ್ಷವೂ ಕಾದಾಡುವ ವಾಷಿಂಗ್ಟನ್, ಅಟ್ಲಾಂಟಾ, ನ್ಯೂಯಾರ್ಕ್, ಫಿಲಡೆಲ್ಫಿಯಾ, ಮಯಾಮಿ ತಂಡಗಳಿಗೆ ಈ ಸಂವತ್ಸರದಲ್ಲಿ ಆಯವೆಷ್ಟು, ವ್ಯಯವೆಷ್ಟು, ಯಾರಿಗೆ ರಾಜಯೋಗ, ಯಾರಿಗೆ ಶನಿಕಾಟ ಎಂಬ ವಿಚಾರ.

ಗೋಪಿನಾಥರು ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದವರು. ಔಷಧ ಪ್ರಯೋಗಗಳ ಸಂಖ್ಯಾಶಾಸ್ತ್ರಜ್ಞರಾಗಿದ್ದು ನಿವೃತ್ತರಾದವರು. ಬೇಸ್‌ಬಾಲ್ ಕಲಿತದ್ದು ಕಾರಿನ ರೇಡಿಯೋದಿಂದ. ಆಟಕ್ಕಿಂತ ಮೊದಲು ಅದರ ಅಂಕಿಗಳು ಅರ್ಥವಾದವು. ಯಾವ ರೋಗಿಗೆ ನಿಜವಾದ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂಬುದನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಕೆಲಸ ಅವರದಾಗಿತ್ತು. ಹೀಗಾಗಿ ಗುಟ್ಟು ಹೇಳಿಕೊಳ್ಳಬೇಕಾದವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಮುಪ್ಪಿನಲ್ಲಿ ಆ ನಾಲಿಗೆಗೆ ಚಪ್ಪಾಳೆಯ ರುಚಿ ಹತ್ತಿತ್ತು. ಹೆಂಡತಿ ನೀರಜಾ ಹೇಳಿ ಹೇಳಿ ಸಾಕಾಗಿದ್ದರು: "ಟೀಮ್‌ಗಳನ್ನ ಎಷ್ಟು ಬೇಕಾದ್ರೂ ಆಡ್ಕೊಳ್ಳಿ. ಮನುಷ್ಯರನ್ನ ಬಿಟ್ಬಿಡಿ."

ಎರಡು ಸಾವಿರದ ಇಪ್ಪತ್ತೈದರ ವಸಂತದಲ್ಲಿ ಅಲ್ಲಿನ ಲ್ಯಾಬ್‌ಗಳಲ್ಲಿ ಕೆಲಸ ಕಳೆದುಕೊಂಡವರು ಬೀದಿಗೊಬ್ಬರಿದ್ದರು. ಪಕ್ಕದ ಜರ್ಮನ್‌ಟೌನ್‌ನ ಶಶಾಂಕ್ ಅವರಲ್ಲೊಬ್ಬ. ಕೆಲಸ ಹೋದರೆ ದೇಶವನ್ನೇ ಬಿಡಬೇಕಾದ ವೀಸಾದ ಮೇಲಿದ್ದ ಹುಡುಗ. ಯುಗಾದಿಗೆ ಕೆಲವು ದಿನ ಮುಂಚೆ ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ಗೋಪಿನಾಥರನ್ನು ನಿಲ್ಲಿಸಿ ಹೇಳಿದ್ದ: "ಅಂಕಲ್, ನನ್ ಜಾಬ್ ಹೋಯ್ತು. ದಿನಾ ಇಸ್ತ್ರಿ ಶರ್ಟ್ ಹಾಕ್ಕೊಂಡು ಲೈಬ್ರರಿಗೆ ಹೋಗಿ ಕೂತ್ಕೊಂಡು ಅಪ್ಲೈ ಮಾಡ್ತಿದೀನಿ. ಯಾಮಿನಿಗೆ ಹೇಳಿಲ್ಲ. ಈಗ ಏಳನೇ ತಿಂಗಳು ಅವಳಿಗೆ. ಹಬ್ಬ ಕಳೀಲಿ, ನಾನೇ ಹೇಳ್ತೀನಿ." ಗೋಪಿನಾಥರು ಅವನ ಭುಜ ಹಿಡಿದು, ಪರಿಚಯದವರ ಹತ್ತಿರ ವಿಚಾರಿಸುವುದಾಗಿ ಮಾತು ಕೊಟ್ಟಿದ್ದರು. ವಿಚಾರಿಸಿಯೂ ಇದ್ದರು. ಒಳ್ಳೆಯ ಮನುಷ್ಯರೇ, ಅನುಮಾನ ಬೇಡ.

ಹಬ್ಬದ ದಿನ ಮೈಕು ಹಿಡಿದರು. "ವಿಶ್ವಾವಸು ಸಂವತ್ಸರದಲ್ಲಿ ನ್ಯೂಯಾರ್ಕಿಗೆ ಆಯ ಎಂಟು, ವ್ಯಯ ಎಂಬತ್ತು!" ಎಂದರು, ಸಭೆ ನಕ್ಕಿತು. ಫಿಲಡೆಲ್ಫಿಯಾ ಹೋದ ವರ್ಷ ಗೆದ್ದ ತಂಡ, ಬಲವಿದೆ, ಆದರೆ ಮಂಡಿನೋವಿನ ವಯಸ್ಸು ಬಂತು. ಮಯಾಮಿಯವರು ಬೆಳೆಸಿದ ಆಟಗಾರರನ್ನೆಲ್ಲ ಮಾರಿ ಖಾಲಿ ಅಂಗಡಿಗೆ ದೀಪ ಹಚ್ಚಿ ಕೂತಿದ್ದಾರೆ. ಅಟ್ಲಾಂಟಾ ಎಲ್ಲರಿಗಿಂತ ಗಟ್ಟಿ, ಆದರೆ ಅರ್ಧ ತಂಡ ಆಸ್ಪತ್ರೆಯಲ್ಲಿದೆ.

ಅಟ್ಲಾಂಟಾ ಹತ್ತಿರದ ಡುಲುತ್‌ನಿಂದ ಮಗಳ ಮನೆಗೆ ಬಂದಿದ್ದ ಶೇಷಾದ್ರಿಗೆ ಇದನ್ನು ಸಹಿಸಲಾಗಲಿಲ್ಲ. "ನಮ್ಮ ಅಟ್ಲಾಂಟಾ ಸುದ್ದಿ ಆಮೇಲೆ. ನಿಮ್ಮ ವಾಷಿಂಗ್ಟನ್ ಕಥೆ ಹೇಳಿ ಸ್ವಾಮಿ!" ಎಂದು ಕೂಗಿದರು. ಸಭೆ ಅವರ ಕಡೆ ತಿರುಗಿ ನಕ್ಕಿತು. ಆ ನಗು ತಮ್ಮದಲ್ಲವಲ್ಲ ಎಂದು ಗೋಪಿನಾಥರಿಗೆ ಚುರುಕ್ಕೆಂದಿತು. ಎರಡನೇ ಸಾಲಿನಲ್ಲಿ ವಾಷಿಂಗ್ಟನ್ ತಂಡದ ಟೋಪಿ ಹಾಕಿಕೊಂಡು ಶಶಾಂಕ್ ಕೂತಿದ್ದ.

"ವಾಷಿಂಗ್ಟನ್ ನಮ್ಮ ಶಶಾಂಕನ ಹಾಗೆ ಕಣ್ರೀ! ಕೈಯಲ್ಲಿ ಕೆಲಸ ಇಲ್ಲ, ಆದ್ರೂ ಬೆಳಗಾದ್ರೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟೇಬಿಡತ್ತೆ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಅದನ್ನು ತಮಾಷೆ ಎಂದುಕೊಂಡರು. ಶಶಾಂಕನೂ ಎಲ್ಲರಿಗಿಂತ ಜೋರಾಗಿ ನಕ್ಕ. ಯಾಮಿನಿ ಕೂಡ ನಕ್ಕು ಗಂಡನ ತೋಳು ತಟ್ಟಿದಳು. ಗೋಪಿನಾಥರು ಅಲ್ಲಿಗೇ ಮುಂದಿನ ಮಾತಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಡಿದ ಮಾತು ಅವರ ಕಿವಿಗೇ ಆಗ ಬಿತ್ತು. "ಅಯ್ಯೋ, ಸಾರಿ ಶಶಾಂಕ್," ಎಂದುಬಿಟ್ಟರು, ಮೈಕಿನಲ್ಲೇ.

ತಮಾಷೆಗೆ ಯಾರೂ ಹಾಗೆ ಕ್ಷಮೆ ಕೇಳುವುದಿಲ್ಲ. ಯಾಮಿನಿ ಗೋಪಿನಾಥರ ಮುಖ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ನಗು ಸಾಲು ಸಾಲಾಗಿ ಆರಿತು. ಗಂಡಹೆಂಡಿರಿಬ್ಬರೂ ಊಟಕ್ಕೆ ನಿಲ್ಲದೆ ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಗೋಪಿನಾಥರು ಮಕ್ಕಳ ಕನ್ನಡ ಕ್ಲಾಸಿನಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದರು. ನೀರಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಸಂಜೆ ಜರ್ಮನ್‌ಟೌನಿಗೆ ಹೋಗಿ ಬಾಗಿಲು ತಟ್ಟಿದರು. ಶಶಾಂಕನೇ ತೆಗೆದ. "ಬನ್ನಿ ಅಂಕಲ್. ಹೇಗಿದ್ರೂ ಹೇಳ್ಲೇಬೇಕಿತ್ತು, ಬಿಡಿ," ಎಂದ. ಆ ಒಳ್ಳೆಯತನವೇ ಅವರನ್ನು ಕೊಂದಿತು.

ಯಾಮಿನಿ ಕಾಫಿ ತಂದು ಮುಂದಿಟ್ಟಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ.

"ತಪ್ಪಾಯ್ತಮ್ಮ," ಎಂದರು ಗೋಪಿನಾಥರು.

"ಅವ್ರು ನಂಗೆ ಹೇಳೋಕೆ ಹೆದ್ರಿದ್ರು ಅಂಕಲ್," ಎಂದಳು ಅವಳು. "ಫ್ರೆಂಡ್ಸ್ ಹತ್ರ, ಊರಲ್ಲಿ ಅಪ್ಪನ ಹತ್ರ, ಎಲ್ಲಾ ಕಡೆ ಹೆದ್ರಿದ್ರು. ನಿಮ್ಮೊಬ್ಬರ ಹತ್ರ ಮಾತ್ರ ಹೆದ್ರಲಿಲ್ಲ."