ಡ್ರಿಲ್ ಮೇಷ್ಟ್ರ ವೆಬ್ ಪುಟ

ಕಂಪ್ಯೂಟರ್ ಟೀಚರ್ ಕೆಲಸ ಬಿಟ್ಟು ಹೋದಾಗ ಹೆಡ್‌ಮೇಡಂ ಡ್ರಿಲ್ ಮೇಷ್ಟ್ರನ್ನು ಕರೆಸಿದರು. "ಏಳನೇ ಕ್ಲಾಸಿಗೆ ವೆಬ್ ಪುಟ ಮಾಡೋದು ಇನ್ಮೇಲೆ ನೀವೇ ಹೇಳ್ಕೊಡಿ."

"ನನಗೆ ಬರಲ್ಲ ಮೇಡಂ."

"ಮಕ್ಕಳಿಗೂ ಬರಲ್ಲ. ಸರಿಹೋಯ್ತಲ್ಲ."

ಆಯುಷ್ಯವೆಲ್ಲ ಸೀಟಿ ಊದಿದ್ದ ಮೇಷ್ಟ್ರು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತರು. ಟ್ಯಾಗ್ ಎಂದರೆ ಅಕ್ಷರಗಳಿಗೆ ಕೊಡುವ ಆಜ್ಞೆ ಎಂದು ತಿಳಿದಾಗ ಜೀವಕ್ಕೆ ಸಮಾಧಾನವಾಯಿತು. "ಅಂತೂ ನಿಮ್ಮ ಮಾತು ಕೇಳೋರು ಸಿಕ್ಕಿದ್ರಲ್ಲ ಬಿಡ್ರೀ," ಎಂದರು ಹೆಂಡತಿ.

ಪಾಠವನ್ನು ಅವರು ಮೈದಾನದ ದನಿಯಲ್ಲೇ ಮಾಡಿದರು. "ತೆರೆದ ಟ್ಯಾಗನ್ನ ಮುಚ್ಚಬೇಕು! ಮುಖ್ಯವಾದ ಮಾತು ತಲೆಬರಹದ ಟ್ಯಾಗ್‌ನಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ!" ಪಕ್ಕದ ತರಗತಿಯವರೂ ಕಲಿತರು.

ಪೋಷಕರ ಸಭೆಗೆಂದು 'ನಮ್ಮ ಶಾಲೆ' ಎಂಬ ಪುಟ ಮಾಡಲು ಹೇಳಿದರು. ಎಲ್ಲರೂ ಕಟ್ಟಡದ ಚಿತ್ರ ಹಾಕಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಪುಟದಲ್ಲಿ ಒಂದೇ ಸಾಲು, ಪರದೆಯ ತುಂಬ: ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಟ್ಯಾಗ್ ಸರಿಯಾಗಿ ಮುಚ್ಚಿತ್ತು. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

ಹೆಡ್‌ಮೇಡಂ ನೋಡಿ, "ಇದನ್ನ ಸ್ವಲ್ಪ ಚಿಕ್ಕದು ಮಾಡ್ಸಿ," ಎಂದರು.

ಹುಡುಗಿ ಒಪ್ಪಲಿಲ್ಲ. "ಮುಖ್ಯವಾದದ್ದನ್ನ ದೊಡ್ಡದಾಗಿ ಹಾಕಿ ಅಂದಿದ್ದು ನೀವೇ ಅಲ್ವಾ ಸರ್? ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡ್ಕೋಬೇಕು. ಅದಕ್ಕೇ ನಿಮ್ಮ ಪೀರಿಯಡ್‌ಗೆ ಇಬ್ಬಿಬ್ರು ಲೇಟಾಗೋದು."

ಲೇಟಾದವರನ್ನೆಲ್ಲ ಮೇಷ್ಟ್ರು ಮೈದಾನ ಸುತ್ತಿಸಿದ್ದರು. ಎಷ್ಟು ಹುಡುಗಿಯರು, ಎಷ್ಟು ವರ್ಷ ಎಂದು ಯೋಚಿಸತೊಡಗಿ, ನಡುವೆಯೇ ಬಿಟ್ಟರು. ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತಂದು, ತಾವೇ ಮಂಡಿಯೂರಿ ಸ್ಕ್ರೂ ತಿರುಗಿಸಿದರು. ಮೊದಲು ತಲೆಕೆಳಗಾಗಿ ಕೂತಿತು. ಬಿಚ್ಚಿ ಮತ್ತೆ ಕೂರಿಸಿದರು.

ಮಾರನೆಯ ದಿನ, "ನಿನ್ನ ಪುಟ ಈಗ ಸುಳ್ಳಾಯ್ತು, ತಿದ್ದಮ್ಮ," ಎಂದರು. ಹುಡುಗಿ ಎದ್ದು ಶೌಚಾಲಯದ ಕಡೆ ಹೋದಳು, ಒಬ್ಬಳೇ. ಬಹಳ ಹೊತ್ತಿನ ಮೇಲೆ ಬಂದು 'ಇಲ್ಲ' ಅಳಿಸಿ 'ಇದೆ' ಎಂದು ಬರೆದಳು. ಅಕ್ಷರದ ಗಾತ್ರ ಬದಲಿಸಲಿಲ್ಲ.

ಸಭೆಯಲ್ಲಿ ತಂದೆಯೊಬ್ಬರು ಕೇಳಿದರು, "ಚಿಲಕ ಇರೋದು ಅಷ್ಟೊಂದು ವಿಶೇಷಾನಾ?"

"ನಮ್ಮಲ್ಲಿ ವಿಶೇಷ," ಎಂದರು ಮೇಷ್ಟ್ರು. ಹೆಡ್‌ಮೇಡಂ ಕೆಮ್ಮಿದರು.

ಮರುವಾರ ಹುಡುಗರು ಯಾರೂ ಹೇಳದೆಯೇ ಹೊಸ ಪುಟ ಮಾಡಿದರು: ಫುಟ್‌ಬಾಲಿಗೆ ಗಾಳಿ ಇಲ್ಲ. ಮೇಷ್ಟ್ರು ಪಂಪ್ ಹುಡುಕಲು ಹೋದರು. ಪಂಪೇ ಕೆಟ್ಟಿತ್ತು. ಆ ವಿಷಯವನ್ನು ಅವರು ಹುಡುಗರ ಕಿವಿಗೆ ಹಾಕಲಿಲ್ಲ.